ಪಿಟ್ಯುಟರಿ ಗ್ರಂಥಿಯೂ ಮನಸ್ಸಿನ ಕಳವಳವೂ

ಕಳೆದ ವರ್ಷ ನನ್ನ ಅಕ್ಕ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಮಗು ಹುಟ್ಟಿದ ಹತ್ತನೆಯ ದಿನ, ಭಾವನವರು ಕುಳಿತಿದ್ದ ಲಾರಿ ಮಗುಚಿ ಅವರ ಕಾಲು ಮುರಿಯಿತೆಂಬ ಸುದ್ದಿ ಬಂದಿತು. ಅಂದಿನಿಂದ ಮಗು ಎದೆಗೆ ಬಾಯಿಟ್ಟರೆ ಹಾಲು ಇಳಿಯಲೊಲ್ಲದು. ನೋಡಲು ಬಂದ ಹೆಂಗಸರಲ್ಲಿ ಒಬ್ಬರು ‘ಇವಳಿಗೆ ಹಾಲೇ ಇಲ್ಲ’ ಎಂದರು. ಇನ್ನೊಬ್ಬರು ‘ಎಲ್ಲ ಇವಳ ಮನಸ್ಸಿನ ಭ್ರಮೆ’ ಎಂದರು. ಅಜ್ಜಿ ಮಾತ್ರ ‘ಹಾಲು ಇದೆ, ಹೆದರಿ ಒಳಗೇ ಕೂತಿದೆ’ ಎಂದಳು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಅದರಲ್ಲಿಯೂ ಮನಶ್ಶಾಸ್ತ್ರದ ವಿದ್ಯಾರ್ಥಿನಿ. ಎಲ್ಲರೂ ನನ್ನ ಮುಖ ನೋಡಿದರು. ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಪಿಟ್ಯುಟರಿ ಗ್ರಂಥಿಯು ತಲೆಬುರುಡೆಯ ತಳದಲ್ಲಿ, ಮೂಗಿನ ಬುಡದ ಹಿಂದೆ, ಮೂಳೆಯ ಒಂದು ಗುಳಿಯಲ್ಲಿ ಕುಳಿತಿದೆ. ಬಟಾಣಿ ಕಾಳಿನಷ್ಟು ಗಾತ್ರ. ತೂಕ ಅರ್ಧ ಗ್ರಾಮಿನ ಆಸುಪಾಸು. ಇದನ್ನು ‘ಗ್ರಂಥಿಗಳ ರಾಜ’ ಎಂದು ಹೊಗಳುವ ರೂಢಿಯುಂಟು. ಈ ಬಿರುದು ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಮೊಹರು ರಾಜನದಾದರೂ ಆಜ್ಞೆ ಬರೆಯುವ ದಿವಾನರು ಮೇಲುಗಡೆ ಇದ್ದಾರೆ. ಮಿದುಳಿನ ಆ ಭಾಗಕ್ಕೆ ಹೈಪೊಥಲಮಸ್ ಎಂದು ಹೆಸರು. ಗ್ರಂಥಿಯ ಹಿಂಭಾಗಕ್ಕೆ ಅಲ್ಲಿಂದ ನರತಂತುಗಳೇ ಇಳಿದು ಬಂದು ಆಕ್ಸಿಟೋಸಿನ್ ಮೊದಲಾದ ಹಾರ್ಮೋನುಗಳನ್ನು ನೇರವಾಗಿ ರಕ್ತಕ್ಕೆ ಬಿಡುತ್ತವೆ. ಮುಂಭಾಗಕ್ಕೆ ಅಂಥ ನರಗಳಿಲ್ಲ. ಹಾಗಾದರೆ ಆಜ್ಞೆ ತಲಪುವುದು ಹೇಗೆ? ಇಂಗ್ಲೆಂಡಿನ ಜೆಫ್ರಿ ಹ್ಯಾರಿಸ್ ಮತ್ತು ಡೋರಾ ಯಾಕೊಬ್ಸೋನ್ 1952ರಲ್ಲಿ ಇಲಿಗಳ ಪಿಟ್ಯುಟರಿಯನ್ನು ಕಿತ್ತು ಬೇರೆ ಕಡೆ ನೆಟ್ಟು ನೋಡಿದರು. ಹೈಪೊಥಲಮಸ್ಸಿನ ಕೆಳಗೆ ನೆಟ್ಟದ್ದು ಮತ್ತೆ ಕೆಲಸ ಹಿಡಿಯಿತು. ಮಿದುಳಿನ ಬೇರೊಂದು ಭಾಗದ ಕೆಳಗೆ ನೆಟ್ಟದ್ದು ಸುಮ್ಮನೆ ಕುಳಿತಿತು. ನಡುವಣ ಸಣ್ಣ ರಕ್ತನಾಳಗಳಲ್ಲಿ ಹರಿದು ಬರುವ ರಾಸಾಯನಿಕಗಳೇ ಆಜ್ಞೆಗಳೆಂಬ ಮಾತು ಇದರಿಂದ ಗಟ್ಟಿಯಾಯಿತು. ಅಂಥ ಆಜ್ಞೆಗಳನ್ನು ಬೇರ್ಪಡಿಸಿ ತೋರಿಸಿದ ಗಿಯ್ಮಾ ಮತ್ತು ಶಾಲಿ ಅವರಿಗೆ 1977ರಲ್ಲಿ ನೊಬೆಲ್ ಬಹುಮಾನ ಸಂದಿತು.

ಇನ್ನು ಕಳವಳದ ವಿಷಯ. ಮಾಂಟ್ರಿಯಲ್ ನಗರದಲ್ಲಿ ಹ್ಯಾನ್ಸ್ ಸೆಲ್ಯೆ ಎಂಬವರು ಇಲಿಗಳನ್ನು ಚಳಿಗೆ ಒಡ್ಡಿದರು, ವಿಷ ಕೊಟ್ಟರು, ದಣಿಯುವಂತೆ ಮಾಡಿದರು. ಕಾರಣ ಯಾವುದಾದರೂ ಫಲ ಒಂದೇ: ಅಡ್ರಿನಲ್ ಗ್ರಂಥಿ ಊದುತ್ತಿತ್ತು, ಥೈಮಸ್ ಸೊರಗುತ್ತಿತ್ತು, ಜಠರದಲ್ಲಿ ಹುಣ್ಣಾಗುತ್ತಿತ್ತು. 1936ರಲ್ಲಿ ಅವರು ಇದನ್ನು ಪ್ರಕಟಿಸಿದರು. ಒತ್ತಡಕ್ಕೆ ಸಿಕ್ಕಿದಾಗ ಹೈಪೊಥಲಮಸ್ ಸಿ.ಆರ್.ಎಚ್. ಎಂಬ ಆಜ್ಞೆಯನ್ನು ಕಳುಹಿಸುತ್ತದೆ, ಪಿಟ್ಯುಟರಿ ಎ.ಸಿ.ಟಿ.ಎಚ್. ಬಿಡುತ್ತದೆ; ಅದು ಹೋಗಿ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ಲಿನಿಂದ ಕಾರ್ಟಿಸಾಲ್ ಹೊರಡಿಸುತ್ತದೆ. ಸಿ.ಆರ್.ಎಚ್.ನ ರಚನೆಯನ್ನು ವೈಲಿ ವೇಲ್ ಮತ್ತು ಸಂಗಡಿಗರು ಕುರಿಯ ಮಿದುಳಿನಿಂದ 1981ರಲ್ಲಿ ಕಂಡುಹಿಡಿದರು. ಕಾರ್ಟಿಸಾಲ್ ಹೆಚ್ಚಿದರೆ ಅದೇ ಮಿದುಳಿಗೆ ಹಿಂದಿರುಗಿ ‘ಇನ್ನು ಸಾಕು’ ಎನ್ನುತ್ತದೆ.

ಹೈಪೊಥಲಮಸ್ಸಿಗೆ ಚಾಡಿ ಹೇಳುವವರು ಯಾರು? ಅವರಲ್ಲಿ ಒಬ್ಬನ ಹೆಸರು ಸಿರೊಟೋನಿನ್. ಇದು ಮೊದಲು ಸಿಕ್ಕಿದ್ದು ಮಿದುಳಿನಲ್ಲಲ್ಲ. 1948ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ, ದನದ ರಕ್ತದ್ರವದಲ್ಲಿ, ರಕ್ತನಾಳಗಳನ್ನು ಬಿಗಿಯುವ ವಸ್ತುವಾಗಿ. ಬೆಟಿ ಟ್ವಾರೋಗ್ ಮತ್ತು ಅರ್ವಿನ್ ಪೇಜ್ 1953ರಲ್ಲಿ ಇದನ್ನು ಮಿದುಳಿನಲ್ಲಿಯೂ ಕಂಡರು. ದೇಹದ ಸಿರೊಟೋನಿನ್ನಿನ ಬಹುಪಾಲು ಇರುವುದು ಕರುಳಿನಲ್ಲಿ. ಆದರೆ ಅದು ಮಿದುಳಿನೊಳಕ್ಕೆ ದಾಟಲಾರದು. ಮಿದುಳು ತನಗೆ ಬೇಕಾದುದನ್ನು ಆಹಾರದ ಟ್ರಿಪ್ಟೊಫಾನ್‌ನಿಂದ ತಾನೇ ಮಾಡಿಕೊಳ್ಳುತ್ತದೆ. ಮಾಡುವ ಕಣಗಳು ಮಿದುಳುಕಾಂಡದ ನಡುಗೆರೆಯಲ್ಲಿ, ಬಟ್ಟೆಯ ಹೊಲಿಗೆಯಂತೆ ಸಾಲಾಗಿವೆ. ಅವುಗಳ ಸಂಖ್ಯೆ ಅಲ್ಪವಾದರೂ ತಂತುಗಳು ಮಿದುಳಿನ ಮೂಲೆಮೂಲೆಗೂ ಚಾಚಿವೆ.

ಸಿರೊಟೋನಿನ್ ‘ಸಂತೋಷದ ರಾಸಾಯನಿಕ’ ಎಂಬ ಮಾತನ್ನು ಈಗ ಎಲ್ಲೆಲ್ಲಿಯೂ ಕೇಳುತ್ತೇವೆ. ನಾನೂ ನಂಬಿದ್ದೆ. ಆದರೆ ಇದರ ತಂತುಗಳು ಹೈಪೊಥಲಮಸ್ಸಿನಲ್ಲಿ ಸಿ.ಆರ್.ಎಚ್. ತಯಾರಿಸುವ ಕಣಗಳನ್ನೇ ಹೋಗಿ ಮುಟ್ಟುತ್ತವೆ! ಮಿದುಳಿನಲ್ಲಿ ಸಿರೊಟೋನಿನ್ನನ್ನು ಬಿಡುಗಡೆ ಮಾಡಿಸುವ ಫೆನ್‌ಫ್ಲೂರಮೀನ್ ಎಂಬ ಔಷಧವನ್ನು ಕೊಟ್ಟರೆ ರಕ್ತದಲ್ಲಿ ಪ್ರೊಲ್ಯಾಕ್ಟಿನ್ ಏರುತ್ತದೆ, ಕಾರ್ಟಿಸಾಲೂ ಏರುತ್ತದೆ. (ತೂಕ ಇಳಿಸಲು ಬಳಕೆಯಲ್ಲಿದ್ದ ಈ ಔಷಧವನ್ನು ಹೃದಯದ ಕವಾಟಗಳಿಗೆ ಹಾನಿಯೆಂದು ಅಮೆರಿಕದಲ್ಲಿ 1997ರಲ್ಲಿ ಹಿಂತೆಗೆದುಕೊಂಡರು.) ಸಂತೋಷವನ್ನೇ ತರುವ ವಸ್ತು ಒತ್ತಡದ ಹಾರ್ಮೋನನ್ನು ಏಕೆ ಏರಿಸಬೇಕು? ಸಿರೊಟೋನಿನ್ ಅಂಚೆಯವನಿದ್ದಂತೆ. ಮದುವೆಯ ಕರೆಯೋಲೆಯನ್ನೂ ಸಾವಿನ ತಂತಿಯನ್ನೂ ತಂದುಕೊಡುವ ಕೈ ಒಂದೇ. ಪರಿಣಾಮವೇನೆಂಬುದು ಅದು ಯಾವ ಕಣಕ್ಕೆ, ಯಾವ ಗ್ರಾಹಕಕ್ಕೆ ತಲಪಿತೆಂಬುದನ್ನು ಅವಲಂಬಿಸಿದೆ.

ಈಗ ಅಕ್ಕನ ಮಾತಿಗೆ ಬರುತ್ತೇನೆ. ಹಾಲನ್ನು ಉತ್ಪತ್ತಿ ಮಾಡಿಸುವುದು ಪಿಟ್ಯುಟರಿಯ ಮುಂಭಾಗದ ಪ್ರೊಲ್ಯಾಕ್ಟಿನ್. ಡೋಪಮೀನ್ ಇದನ್ನು ಸದಾ ಲಗಾಮು ಹಾಕಿ ಹಿಡಿದಿರುತ್ತದೆ. ಮಗು ಚೀಪಿದಾಗ ಲಗಾಮು ಸಡಿಲವಾಗುವುದಲ್ಲದೆ ಸಿರೊಟೋನಿನ್ ಕೂಡ ನೂಕುತ್ತದೆ. ಸಿರೊಟೋನಿನ್ ತಯಾರಾಗದಂತೆ ತಡೆದ ತಾಯಿ ಇಲಿಗಳಲ್ಲಿ ಮರಿ ಚೀಪಿದರೂ ಪ್ರೊಲ್ಯಾಕ್ಟಿನ್ ಏರಲಿಲ್ಲ. ಒತ್ತಡದ ಆಟ ಇಲ್ಲಿ ವಿಚಿತ್ರವಾದುದು. ಸಾಮಾನ್ಯ ಇಲಿಯಲ್ಲಿ ಅದು ಪ್ರೊಲ್ಯಾಕ್ಟಿನ್ನನ್ನು ಏರಿಸುತ್ತದೆ. ಹಾಲೂಡುತ್ತಿರುವ ಇಲಿಯಲ್ಲಿ ಆಗಲೇ ಏರಿದ್ದುದನ್ನು ಇಳಿಸುತ್ತದೆ.

ಆದರೆ ಉತ್ಪತ್ತಿಯಾದ ಹಾಲು ಹೊರಕ್ಕೆ ಬರಬೇಕಾದರೆ ಹಿಂಭಾಗದ ಆಕ್ಸಿಟೋಸಿನ್ ಬೇಕು. ಅಮೆರಿಕದ ನ್ಯೂಟನ್ ದಂಪತಿಗಳು 1948ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮೊಲೆಯೂಡುವ ತಾಯಿಯ ಪಾದಗಳನ್ನು ಮಂಜಿನ ನೀರಿನಲ್ಲಿ ಇಡಿಸಿದರು, ಕಾಲ್ಬೆರಳು ಎಳೆದರು, ಲೆಕ್ಕ ಕೇಳಿದರು. (ಲೆಕ್ಕವನ್ನೂ ಹಿಂಸೆಯ ಸಾಲಿಗೆ ಸೇರಿಸಿದ್ದು ನನಗೆ ಬಹಳ ಸರಿಯೆನಿಸಿತು.) ಮಗುವಿಗೆ ಸಿಕ್ಕಿದ ಹಾಲು ಕಡಮೆಯಾಯಿತು. ಅದೇ ಹಿಂಸೆಯ ನಡುವೆ ಆಕ್ಸಿಟೋಸಿನ್ ಚುಚ್ಚಿದಾಗ ಹಾಲು ಮತ್ತೆ ಇಳಿಯಿತು. ಅಂದರೆ ಹಾಲು ಎದೆಯಲ್ಲಿಯೇ ಇತ್ತು. ಬಿಡುವ ಆಜ್ಞೆ ಬಂದಿರಲಿಲ್ಲ.

ಇದನ್ನು ಓದಿದ ದಿನ ನನಗೆ ಅಜ್ಜಿಯ ಮಾತು ನೆನಪಾಗಿ ಮೈ ಜುಮ್ಮೆಂದಿತು. ‘ಹಾಲೇ ಇಲ್ಲ’ ಎಂದು ಹತ್ತು ಜನ ಹೇಳಿದರೆ ಆ ಮಾತೂ ಒಂದು ಮಂಜಿನ ನೀರಲ್ಲವೆ? ಅಜ್ಜಿ ಮಾಡಿದ್ದು ಇಷ್ಟೆ: ನೋಡಲು ಬಂದವರನ್ನು ಜಗುಲಿಯಲ್ಲೇ ಕೂರಿಸಿದಳು, ಭಾವನವರ ದನಿಯನ್ನು ಫೋನಿನಲ್ಲಿ ಕೇಳಿಸಿದಳು, ಬಾಗಿಲು ಮುಚ್ಚಿ ಅಕ್ಕನ ಬೆನ್ನು ನೀವುತ್ತ ಕುಳಿತಳು. ಮೂರನೆಯ ದಿನ ಮಗು ಹೊಟ್ಟೆ ತುಂಬ ಕುಡಿದು ಮಲಗಿತು. ಒಂದು ನಿದರ್ಶನದಿಂದ ಏನೂ ಸಿದ್ಧವಾಗದೆಂದು ನಮ್ಮ ಉಪನ್ಯಾಸಕರು ಎಚ್ಚರಿಸುವರು, ಒಪ್ಪುತ್ತೇನೆ. ದಸರಾ ರಜೆಯಲ್ಲಿ ‘ಭ್ರಮೆ’ ಎಂದವರ ಮನೆಗೇ ಹೋಗಿ, ‘ಮನಸ್ಸಿನದು ನಿಜ, ಭ್ರಮೆಯಲ್ಲ’ ಎಂದು ಪಿಟ್ಯುಟರಿಯ ಚಿತ್ರ ಬರೆದು ತೋರಿಸಿದೆ. ಅವರು ಚಿತ್ರವನ್ನು ತಿರುಗಿಸಿ ನೋಡಿ, ‘ಇಷ್ಟು ಚಿಕ್ಕದೇ?’ ಎಂದು ಕೇಳಿದರು.