ರಕ್ತದ ಕ್ಯಾನ್ಸರೂ ಮಜ್ಜೆಯ ನಾಟಿಯೂ

ಒಟ್ಲು ಪಾತಿಯನ್ನೂ ನಾಟಿಯನ್ನೂ ಬಲ್ಲ ನಮ್ಮ ಮಂಡ್ಯದ ಸೀಮೆಯವರಿಗೆ ಲ್ಯುಕೇಮಿಯಾ ಎಂಬ ವ್ಯಾಧಿಯ ಸ್ವರೂಪವನ್ನು ತಿಳಿಸುವುದು ಅಷ್ಟೇನೂ ಕಷ್ಟವಲ್ಲ. ಎಲುಬುಗಳ ಒಳಗಿರುವ ಮೃದುವಾದ ಮಜ್ಜೆಯೇ ರಕ್ತದ ಒಟ್ಲು. ಅಲ್ಲಿರುವ ಆಕರಕೋಶಗಳಿಂದ, ಅಂದರೆ ವೈದ್ಯರು ಸ್ಟೆಮ್ ಸೆಲ್ ಎಂದು ಕರೆಯುವ ಮೂಲಕಣಗಳಿಂದ, ಕೆಂಪು ಕಣಗಳೂ ಬಿಳಿ ಕಣಗಳೂ ರಕ್ತವನ್ನು ಹೆಪ್ಪುಗಟ್ಟಿಸುವ ಕಣಗಳೂ ದಿನದಿನವೂ ಹುಟ್ಟುತ್ತಿರುತ್ತವೆ. ಲ್ಯುಕೇಮಿಯಾ ಬಂದಾಗ ಕೆಟ್ಟ ಬಿಳಿ ಕಣಗಳು ಕಳೆಯಂತೆ ಹಬ್ಬಿ, ಒಳ್ಳೆಯ ಸಸಿಗೆ ಎಡೆಯಿಲ್ಲದಂತೆ ಮಾಡುತ್ತವೆ. ಮಗು ಬಿಳಿಚಿಕೊಳ್ಳುತ್ತದೆ, ಜ್ವರವು ಬಿಟ್ಟು ಬಿಟ್ಟು ಬರುತ್ತದೆ, ಪೆಟ್ಟು ತಗಲದಿದ್ದರೂ ಮೈಮೇಲೆ ನೀಲಿ ಕಲೆಗಳು ಕಾಣುತ್ತವೆ, ವಸಡಿನಲ್ಲಿ ರಕ್ತ ಒಸರುತ್ತದೆ, ಕಾಲೆಲುಬು ನೋಯುತ್ತದೆಂದು ಮಗು ರಾತ್ರಿಯಲ್ಲಿ ಅಳುತ್ತದೆ. ಇಂಥ ಚಿಹ್ನೆಗಳು ಕಂಡುಬಂದಲ್ಲಿ ದೃಷ್ಟಿ ತೆಗೆಯುತ್ತ ಕಾಲ ಕಳೆಯದೆ ರಕ್ತಪರೀಕ್ಷೆ ಮಾಡಿಸತಕ್ಕದ್ದು.

ಮಕ್ಕಳಿಗೆ ಸಾಮಾನ್ಯವಾಗಿ ಬರುವ ಲ್ಯುಕೇಮಿಯಾದಲ್ಲಿ ಬಹುಮಂದಿ ಔಷಧಗಳಿಂದಲೇ ಗುಣ ಹೊಂದಬಹುದು. ಎರಡು ಮೂರು ವರ್ಷ ಬಿಡದೆ ಚಿಕಿತ್ಸೆ ನಡೆಯಬೇಕು, ಅಷ್ಟೆ. ಔಷಧಕ್ಕೆ ಮಣಿಯದ, ಅಥವಾ ಹೋದಂತೆ ಹೋಗಿ ಮರಳಿ ಬರುವ ರೋಗಕ್ಕೆ ಮಜ್ಜೆಯ ನಾಟಿ ಬೇಕಾಗುತ್ತದೆ. ಪ್ರಬಲವಾದ ಔಷಧಗಳಿಂದ ಹಳೆಯ ಮಜ್ಜೆಯನ್ನು ತೆಗೆದುಹಾಕಿ, ಮತ್ತೊಬ್ಬರ ಆಕರಕೋಶಗಳನ್ನು ರಕ್ತನಾಳದ ಮೂಲಕ ಕೊಡುತ್ತಾರೆ. ಎಲುಬನ್ನು ಕೊಯ್ಯುವುದಿಲ್ಲ. ಆ ಕಣಗಳು ರಕ್ತದಲ್ಲಿ ಹರಿದು ತಾವಾಗಿಯೇ ಎಲುಬಿನೊಳಗೆ ಹೋಗಿ ನೆಲೆಗೊಳ್ಳುವುದನ್ನು ಕೇಳಿದಾಗ ಯಾರಿಗಾದರೂ ಬೆರಗಾಗದಿರದು.

ಈ ವಿದ್ಯೆ ಸುಲಭವಾಗಿ ಕೈಗೂಡಿದ್ದಲ್ಲ. ಅಮೆರಿಕದ ಡಾಕ್ಟರ್ ಡೊನಾಲ್ ಥಾಮಸ್‌ರವರು 1957ರಲ್ಲಿ ಪ್ರಕಟಿಸಿದ ಮೊದಲ ವರದಿಯ ಆರು ಮಂದಿ ರೋಗಿಗಳಲ್ಲಿ ಒಬ್ಬರೂ ಬಹುಕಾಲ ಬದುಕಲಿಲ್ಲ. ಅನೇಕರು ಈ ಕಾರ್ಯವನ್ನೇ ಕೈಬಿಟ್ಟರು, ಥಾಮಸ್‌ರವರು ಬಿಡಲಿಲ್ಲ. ಅವರಿಗೆ 1990ರಲ್ಲಿ ನೊಬೆಲ್ ಪಾರಿತೋಷಕ ದೊರಕಿತು. ಸಿಯಾಟಲ್ ನಗರದ ಅವರ ಸಂಸ್ಥೆಯಲ್ಲಿ ಕಲಿತು ಬಂದವರಲ್ಲಿ ನಮ್ಮ ದೇಶದ ಡಾಕ್ಟರ್ ಸುರೇಶ್ ಅಡ್ವಾಣಿಯವರೂ ಒಬ್ಬರು. ಬಾಲ್ಯದಲ್ಲಿ ಪೋಲಿಯೋದಿಂದ ಕಾಲುಗಳ ಶಕ್ತಿಯನ್ನು ಕಳೆದುಕೊಂಡು ಗಾಲಿಕುರ್ಚಿಯಲ್ಲಿಯೇ ರೋಗಿಗಳ ಬಳಿಗೆ ಹೋಗುತ್ತಿದ್ದ ಇವರು, 1983ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಭಾರತದ ಮೊದಲನೆಯ ಯಶಸ್ವಿ ಮಜ್ಜೆಯ ನಾಟಿಯನ್ನು ನೆರವೇರಿಸಿದರು. ರೋಗಿಯು ಒಂಬತ್ತು ವರ್ಷದ ಬಾಲಕಿ. ಮಜ್ಜೆಯನ್ನು ಕೊಟ್ಟವನು ಅವಳ ಸಹೋದರ.

ಹೆಣ್ಣುಮಕ್ಕಳ ಪಾಠಶಾಲೆಯ ಸಂಚಿಕೆಯಲ್ಲಿ ಈ ಸಂಗತಿಯನ್ನು ವಿಶೇಷವಾಗಿ ಬರೆಯುವುದಕ್ಕೆ ಕಾರಣವುಂಟು. ದಿಲ್ಲಿ ಮತ್ತು ಚೆನ್ನೈ ನಗರಗಳ ಆಸ್ಪತ್ರೆಗಳ ದಾಖಲೆಗಳನ್ನು ಪರಿಶೀಲಿಸಿ 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕ್ಯಾನ್ಸರಿಗಾಗಿ ಆಸ್ಪತ್ರೆಗೆ ಕರೆತರಲ್ಪಟ್ಟ ಮಕ್ಕಳಲ್ಲಿ ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳು ಬಹಳ ಕಡಿಮೆಯೆಂದು ಕಂಡುಬಂದಿತು. ದೂರವೂ ವೆಚ್ಚವೂ ಹೆಚ್ಚಿದಂತೆ ಅವರ ಪಾಲು ಇನ್ನೂ ತಗ್ಗುತ್ತದೆ. ಮಜ್ಜೆಯ ನಾಟಿಯಲ್ಲಿಯೂ ಹೀಗೆಯೇ. ಮಂಡ್ಯದಿಂದ ಬೆಂಗಳೂರಿಗೆ ಸುಮಾರು 100 ಕಿಲೋಮೀಟರು. ಮದ್ದೂರಿನವರಿಗೆ ರೈಲಾದರೂ ಇದೆ, ಮಳವಳ್ಳಿಯವರು ಬಸ್ಸನ್ನೇ ನೆಚ್ಚಬೇಕು. ಮಗನಿಗಾಗಿ ಒಂದು ತುಂಡು ಗದ್ದೆಯನ್ನು ಅಡವಿಡುವ ತಂದೆಯು ಮಗಳಿಗಾಗಿಯೂ ಅದೇ ಬಸ್ಸನ್ನು ಹತ್ತುವನೇ ಎಂಬುದನ್ನು ನಾವು ನಮ್ಮ ನಮ್ಮ ಮನೆಗಳಲ್ಲಿಯೇ ಕೇಳಿಕೊಳ್ಳಬೇಕಾಗಿದೆ.

ಮಜ್ಜೆಯನ್ನು ಕೊಡಲು ರಕ್ತದ ಗುಂಪು ಒಂದೇ ಆಗಿದ್ದರೆ ಸಾಲದು, ಬೇರೆಯಾಗಿದ್ದರೂ ಬಾಧೆಯಿಲ್ಲ. ಕೂಡಿಬರಬೇಕಾದದ್ದು ಹೆಚ್.ಎಲ್.ಎ. ಎಂಬ ಗುರುತುಗಳು. ಇವುಗಳಲ್ಲಿ ಅರ್ಧ ತಂದೆಯಿಂದಲೂ ಅರ್ಧ ತಾಯಿಯಿಂದಲೂ ಬರುವುದರಿಂದ, ಒಡಹುಟ್ಟಿದವರಲ್ಲಿ ಪ್ರತಿಯೊಬ್ಬರಿಗೂ ಪೂರ್ಣವಾಗಿ ಕೂಡಿಬರುವ ಸಂಭವ ನಾಲ್ಕರಲ್ಲಿ ಒಂದು. ಅರ್ಧ ಹೊಂದುವ ತಾಯಿ ಅಥವಾ ತಂದೆಯಿಂದಲೂ ಈಗ ನಾಟಿ ಮಾಡಲಾಗುತ್ತದೆ. ಗುರುತುಗಳು ಕೂಡಿದ್ದರೂ ಹೊಸ ಕಣಗಳು ರೋಗಿಯ ಶರೀರವನ್ನೇ ಪರಕೀಯವೆಂದೆಣಿಸಿ ಅದರ ಮೇಲೆ ಬೀಳುವುದುಂಟು. ಆದಕಾರಣ ಇದನ್ನು ಅಪಾಯವಿಲ್ಲದ ಚಿಕಿತ್ಸೆಯೆಂದು ಹೇಳಲಾಗದು.

ಅಣ್ಣನಿಗೆ ಮಜ್ಜೆ ಕೊಟ್ಟ ತಂಗಿಗೆ ಮುಂದೆ ಮದುವೆಯಾಗದು, ಮಕ್ಕಳಾಗದು ಎಂಬ ಭಯವು ಕೆಲವು ಮನೆಗಳಲ್ಲಿದೆ. ಇದು ನಿರಾಧಾರವಾದದ್ದು. ಈಗ ಬಹುಮಟ್ಟಿಗೆ ನಾಲ್ಕೈದು ದಿನ ಚುಚ್ಚುಮದ್ದು ಕೊಟ್ಟು, ತೋಳಿನ ರಕ್ತದಿಂದಲೇ ಯಂತ್ರದ ಮೂಲಕ ಆಕರಕೋಶಗಳನ್ನು ಬೇರ್ಪಡಿಸಿಕೊಳ್ಳುತ್ತಾರೆ. ಮೈಕೈ ನೋವು ಕೆಲವು ದಿನವಿದ್ದು ಹೋಗುತ್ತದೆ. ಕೊಟ್ಟದ್ದು ಕೆಲವೇ ವಾರಗಳಲ್ಲಿ ಶರೀರದಲ್ಲಿ ಮತ್ತೆ ತುಂಬಿಕೊಳ್ಳುತ್ತದೆ.

ಮನೆಯಲ್ಲಿ ಹೊಂದುವವರು ಸಿಕ್ಕದಿದ್ದರೆ ಹೊರಗಿನ ದಾನಿಗಳನ್ನು ಹುಡುಕಬೇಕಾಗುತ್ತದೆ. ಇದಕ್ಕಾಗಿ ಬೆಂಗಳೂರಿನಲ್ಲಿ ಡಿ.ಕೆ.ಎಂ.ಎಸ್. ಪ್ರತಿಷ್ಠಾನವೂ, ಚೆನ್ನೈಯಲ್ಲಿ ದಾತ್ರಿ ಎಂಬ ಸಂಸ್ಥೆಯೂ ದಾನಿಗಳ ಪಟ್ಟಿಯನ್ನು ಇಟ್ಟಿವೆ. ಒಂದೇ ಸೀಮೆಯ, ಒಂದೇ ಮೂಲದ ಜನರಲ್ಲಿ ಗುರುತುಗಳು ಕೂಡಿಬರುವ ಸಂಭವ ಹೆಚ್ಚು. ನಮ್ಮವರು ಆ ಪಟ್ಟಿಯಲ್ಲಿ ಇಲ್ಲದಿದ್ದರೆ ನಮ್ಮ ಮಕ್ಕಳಿಗೆ ಹೊಂದುವವರು ಅಲ್ಲಿ ಸಿಕ್ಕುವುದು ಕಷ್ಟ. ಹದಿನೆಂಟು ವರ್ಷ ತುಂಬಿದ ಆರೋಗ್ಯವಂತರಾದ ಹಳೆಯ ವಿದ್ಯಾರ್ಥಿನಿಯರು ಹೆಸರು ಕೊಡಬಹುದು. ಅದಕ್ಕೆ ಬೇಕಾದದ್ದು ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಒರೆಸಿಕೊಟ್ಟ ಮಾದರಿ ಮಾತ್ರ.