ಭಿನ್ನರಾಶಿಯ ತೊಡಕು

ಭಿನ್ನರಾಶಿಯ ಪಾಠ ಬಂದೊಡನೆ ಎಷ್ಟೋ ಬಾಲಿಕೆಯರು ಎದೆಗುಂದುವರು. “ಲೆಕ್ಕವು ನಮ್ಮ ಮಗಳ ತಲೆಗೆ ಹತ್ತದು” ಎಂದು ತಾಯಿತಂದೆಗಳೂ ಕೈಬಿಡುವುದುಂಟು.

ಅಂಥವಳೊಬ್ಬಳು 1/2ಕ್ಕೆ 1/3ನ್ನು ಕೂಡಿಸುವಾಗ ಅಂಶಕ್ಕೆ ಅಂಶವನ್ನೂ ಛೇದಕ್ಕೆ ಛೇದವನ್ನೂ ಸೇರಿಸಿ 2/5 ಎಂದು ಬರೆದಳು. ಇದು ಅರ್ಧಕ್ಕಿಂತಲೂ ಕಡಮೆ! ಅರ್ಧ ರೊಟ್ಟಿಗೆ ಮತ್ತಷ್ಟು ಸೇರಿಸಿದರೆ ಅದು ಕುಗ್ಗುವುದೆಂತು? (ಮನೆಯಲ್ಲಿಯೂ ಉತ್ತರವನ್ನು ಹೇಳಿಕೊಡದೆ ಇಷ್ಟನ್ನೇ ಕೇಳಿದರೆ ಸಾಕು.) ಅವಳು ಕಾಗದದ ರೊಟ್ಟಿಯೊಂದನ್ನು ಆರು ಸಮಪಾಲು ಮಾಡಿದಳು: ಅರ್ಧಕ್ಕೆ ಮೂರು ತುಂಡು, ಮೂರನೆಯ ಒಂದು ಪಾಲಿಗೆ ಎರಡು, ಒಟ್ಟು 5/6.

ಮರುದಿನ 1/4 ಮತ್ತು 1/6 ಬಂದವು. ಆರರಲ್ಲಿ ಕಾಲುಪಾಲು ಒಂದೂವರೆ ತುಂಡಾಯಿತು. ಅತ್ತಳು, ಆದರೆ ಕತ್ತರಿಯನ್ನು ಕೆಳಗಿಡಲಿಲ್ಲ. ಹನ್ನೆರಡು ಪಾಲು ಬೇಕೆಂದು ತಾನಾಗಿಯೇ ಕಾಣಲು ನಾಲ್ಕು ದಿನ ಹಿಡಿದವು. ಐದನೆಯ ದಿನ ಕಾಗದವಿಲ್ಲದೆಯೇ 5/12 ಎಂದು ಬರೆದು, ಈ ಸಲ ಅರ್ಧಕ್ಕಿಂತ ಕಡಮೆಯಾಗಿರುವುದೇ ಸರಿಯೆಂದು ತಂದೆಗೆ ವಿವರಿಸಿದಳು.