ಶಿರಾ ಸೀಮೆಯಲ್ಲಿ ಎರಡು ರಾತ್ರಿ: ಎಲ್ಲಿ ಉಳಿಯಬೇಕು, ಏನು ನೋಡಬೇಕು?

ಗೊರವನಹಳ್ಳಿ ಮಹಾಲಕ್ಷ್ಮಿಗೆ ಕೈಮುಗಿದು, ಇಲ್ಲವೇ ಪಾವಗಡದ ಶನಿಮಹಾತ್ಮನಿಗೆ ಎಳ್ಳುಬತ್ತಿ ಹಚ್ಚಿ, ಕತ್ತಲಾಗುವ ಮೊದಲೇ ಬೆಂಗಳೂರಿನ ದಾರಿ ಹಿಡಿಯುವವರೇ ನಮ್ಮ ಕಡೆ ಬರುವ ಪ್ರವಾಸಿಗರಲ್ಲಿ ಹೆಚ್ಚು. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳಲ್ಲಿ ಏನೇನಿದೆಯೆಂದು ಅವರಿಗೆ ತಿಳಿಯುವುದೇ ಇಲ್ಲ. ಇಲ್ಲಿನ ಒಳ್ಳೆಯದೆಲ್ಲ ಬೆಳಗಿನ ಜಾವ ಮತ್ತು ಸಂಜೆಯ ಹೊತ್ತಿನದು. ನಡುಹಗಲಲ್ಲಿ ಬಂದವರಿಗೆ ಸಿಗುವುದು ಬಂಡೆಯ ಕಾವು ಮಾತ್ರ. ಆದ್ದರಿಂದ ಕನಿಷ್ಠ ಎರಡು ರಾತ್ರಿ ಉಳಿಯುವ ಹಾಗೆ ಬನ್ನಿ. ಶಿರಾ ತಾಲ್ಲೂಕಿನ ಪಟ್ಟನಾಯಕನಹಳ್ಳಿ ಸುತ್ತಮುತ್ತಲಿನ ನಾವು ನೆಂಟರಿಗೆ ಹೇಳಿಕೊಡುವ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಬೆಳಗು, ಆಮೇಲೆ ರೂಮು

ಸಾಮಾನ್ಯವಾಗಿ ಎಲ್ಲರೂ ಒಳ್ಳೆಯ ಹೋಟೆಲ್ ಹುಡುಕಿ, ಆಮೇಲೆ ಅಲ್ಲಿಂದ ಎಲ್ಲೆಲ್ಲಿಗೆ ಹೋಗಬಹುದೆಂದು ಲೆಕ್ಕ ಹಾಕುತ್ತಾರೆ. ಇಲ್ಲಿ ಅದನ್ನು ತಿರುವುಮುರುವು ಮಾಡಿ. ಯಾವ ದಿನ ಬೆಳಗ್ಗೆ ಆರು ಗಂಟೆಗೆ ಎಲ್ಲಿರಬೇಕು ಎಂಬುದನ್ನು ಮೊದಲು ತೀರ್ಮಾನಿಸಿ, ಅದರ ಹಿಂದಿನ ರಾತ್ರಿ ಅದೇ ಊರಿನಲ್ಲಿ ಮಲಗಿ. ಕಗ್ಗಲಡುವಿನ ಹಕ್ಕಿಗಳನ್ನು ನೋಡಬೇಕಾದರೆ ಶಿರಾದಲ್ಲಿ, ಮಧುಗಿರಿ ಬೆಟ್ಟ ಹತ್ತಬೇಕಾದರೆ ಮಧುಗಿರಿಯಲ್ಲಿ. ಆಯಾಸ ಕಳೆಯಲು ಮೆತ್ತನೆಯ ಹಾಸಿಗೆ, ಎ.ಸಿ., ಲಿಫ್ಟು, ಬಗೆಬಗೆಯ ತಿಂಡಿ ಬೇಕೆಂದರೆ ಅದನ್ನು ಕೊನೆಯ ರಾತ್ರಿಗೆ ಇಟ್ಟುಕೊಂಡು ತುಮಕೂರಿಗೆ ಹೋಗಿ.

ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬೆಂಗಳೂರಿನಿಂದ ಶಿರಾಕ್ಕೆ ಸುಮಾರು 120 ಕಿ.ಮೀ. ಮೆಜೆಸ್ಟಿಕ್‌ನಿಂದ ಬಸ್ಸುಗಳು ಧಾರಾಳವಾಗಿವೆ. ರೈಲಿನಲ್ಲಿ ಬರುವವರು ತುಮಕೂರಿನಲ್ಲಿ ಇಳಿದು ಬಸ್ಸು ಹಿಡಿಯುವುದು ಸರಿ. ನಾಲ್ಕೂ ತಾಲ್ಲೂಕು ಸುತ್ತಲು ಸ್ವಂತ ಕಾರು ಇಲ್ಲವೇ ಬಾಡಿಗೆ ಕಾರು ಇದ್ದರೆ ಅನುಕೂಲ. ತಾಲ್ಲೂಕು ಕೇಂದ್ರಗಳ ನಡುವೆ ಬಸ್ಸಿಗೆ ಕೊರತೆಯಿಲ್ಲ, ಆದರೆ ಹಳ್ಳಿಗಳಿಗೆ ಅದನ್ನೇ ನಂಬಿದರೆ ಅರ್ಧ ದಿನ ಹಾಳಾಗುತ್ತದೆ.

ಮೊದಲ ದಿನ: ಮಧ್ಯಾಹ್ನ ಮೂರಕ್ಕೆ ಶಿರಾ

ಊಟ ಮುಗಿಸಿ ಶಿರಾಕ್ಕೆ ಬನ್ನಿ. ರೂಮಿನಲ್ಲಿ ಸಾಮಾನು ಇಟ್ಟು ಬಿಸಿಲು ಇಳಿದ ಮೇಲೆ ಮಲಿಕ್ ರಿಹಾನ್ ಗೋರಿಗೆ ಹೋಗಿ. ಬಿಜಾಪುರದ ಆದಿಲ್‌ಶಾಹಿಗಳ ಪರವಾಗಿ ಶಿರಾ ಆಳಿದವನು ಮಲಿಕ್ ರಿಹಾನ್. ಗೋರಿ 1651ರದ್ದು. ಬಿಜಾಪುರದಲ್ಲಿ ಗೋಳಗುಮ್ಮಟದ ಕೆಲಸ ನಡೆಯುತ್ತಿದ್ದ ಹೊತ್ತಿಗೇ ಇಲ್ಲಿ ಈ ಪುಟ್ಟ ಗುಮ್ಮಟ ಎದ್ದಿತು. ಗಾತ್ರ ನೋಡಿ ನಿರಾಶರಾಗಬೇಡಿ. ಹತ್ತಿರ ಹೋಗಿ ಕಲ್ಲುಗಳ ಕೂಡಿಕೆಯನ್ನು ನೋಡಿ, ಕಟ್ಟಡಕ್ಕೆ ಪೂರ್ತಿ ಒಂದು ಸುತ್ತು ಹಾಕಿ. ಸಂಜೆಯ ಓರೆ ಬೆಳಕು ಬಿದ್ದಾಗ, ಹಗಲೆಲ್ಲ ಸಪಾಟಾಗಿ ಕಾಣುವ ಕೆತ್ತನೆಯ ಗೀರುಗಳು ಎದ್ದು ಕಾಣುತ್ತವೆ.

ಅಲ್ಲಿಂದ 1696ರ ಜುಮ್ಮಾ ಮಸೀದಿ, ಆಮೇಲೆ ಕೋಟೆ. ಮಸೀದಿ ಇಂದಿಗೂ ಪ್ರಾರ್ಥನೆ ನಡೆಯುವ ಜಾಗ. ಶುಕ್ರವಾರ ಮಧ್ಯಾಹ್ನ ಬಿಟ್ಟು ಬೇರೆ ಹೊತ್ತಿನಲ್ಲಿ ಹೋಗಿ, ಚಪ್ಪಲಿ ಹೊರಗೆ ಬಿಡಿ, ಒಳಗಿರುವವರನ್ನು ಕೇಳಿಯೇ ಫೋಟೊ ತೆಗೆಯಿರಿ. ಕೋಟೆಗೆ ಅಡಿಪಾಯ ಹಾಕಿಸಿದವನು ರತ್ನಗಿರಿಯ ರಂಗಪ್ಪನಾಯಕ. 1687ರಲ್ಲಿ ಮೊಗಲರು ಶಿರಾ ಗೆದ್ದು, ಅದನ್ನು ಏಳು ಪರಗಣಗಳ ಸುಬಾದ ರಾಜಧಾನಿ ಮಾಡಿಕೊಂಡರು. ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ, ಪೆನುಕೊಂಡ ಎಲ್ಲವೂ ಈ ಊರಿನ ಅಧೀನದಲ್ಲಿದ್ದವು. ಹೈದರ್ ಅಲಿಗೆ 1761ರಲ್ಲಿ ನವಾಬಗಿರಿ ಬಂದದ್ದೂ ಶಿರಾದ ಹೆಸರಿನಲ್ಲಿಯೇ. ಮೊಗಲರ ಪರವಾಗಿ ಶಿರಾ ಆಳಿದ ದಿಲಾವರ್ ಖಾನನ ಕಾಲದಲ್ಲಿ ಇಲ್ಲಿದ್ದ ಅರಮನೆಯೇ ಬೆಂಗಳೂರು ಮತ್ತು ಶ್ರೀರಂಗಪಟ್ಟಣದ ಅರಮನೆಗಳಿಗೆ ಮಾದರಿಯಾಯಿತು, ಇಲ್ಲಿನ ಖಾನ್ ಬಾಗ್ ತೋಟ ಲಾಲ್‌ಬಾಗಿಗೆ ಪ್ರೇರಣೆಯಾಗಿರಬಹುದು ಎಂದು ಹಳೆಯ ಗೆಜೆಟಿಯರುಗಳು ಹೇಳುತ್ತವೆ. ಆ ಅರಮನೆ ಈಗ ಇಲ್ಲ. ಶ್ರೀರಂಗಪಟ್ಟಣದ ಗಂಜಾಮನ್ನು ತುಂಬಿಸಲು ಟಿಪ್ಪು ಶಿರಾದಿಂದ 12,000 ಕುಟುಂಬಗಳನ್ನು ಎಬ್ಬಿಸಿಕೊಂಡು ಹೋದನೆಂಬ ಮಾತೂ ಅದೇ ಗೆಜೆಟಿಯರುಗಳಲ್ಲಿದೆ. ಕೋಟೆಯ ಕಂದಕದ ಬದಿಯಲ್ಲಿ ನಿಂತು ಇಷ್ಟನ್ನು ಮಕ್ಕಳಿಗೆ ಹೇಳಿ. ಬೆಂಗಳೂರಿನ ಮಕ್ಕಳಿಗೆ ತಮ್ಮ ಊರಿನ ಚರಿತ್ರೆಯ ಒಂದು ತುಂಡು ಶಿರಾದಲ್ಲಿದೆ ಎಂಬುದು ಗೊತ್ತಾಗಲಿ.

ರೂಮು ನೋಡುವಾಗ ಏನು ಕೇಳಬೇಕು?

ಶಿರಾ, ಮಧುಗಿರಿ, ಪಾವಗಡ ಮೂರರಲ್ಲೂ ಲಾಡ್ಜುಗಳಿವೆ, ಆದರೆ ಇವು ಪಂಚತಾರಾ ಸೌಕರ್ಯದ ಊರುಗಳಲ್ಲ. ಹಾಗೆಂದು ಸಿಕ್ಕಿದ್ದಕ್ಕೆಲ್ಲ ತಲೆಯಾಡಿಸಬೇಕಾಗಿಲ್ಲ. ಮುಂಗಡ ಕೊಡುವ ಮೊದಲು ರೂಮು ತೆಗೆಸಿ ನೋಡಿ. ಹಾಸಿಗೆಯ ಮೇಲ್ಹೊದಿಕೆ ಸರಿಸಿ ಬೆಡ್‌ಶೀಟ್ ಒಗೆದದ್ದೇ ಎಂದು ನೋಡಿ, ನಲ್ಲಿ ತಿರುಗಿಸಿ. ಬಿಸಿನೀರು ಎಷ್ಟು ಗಂಟೆಗೆ ಬರುತ್ತದೆ ಎಂಬುದೇ ಮುಖ್ಯ ಪ್ರಶ್ನೆ. ಎಷ್ಟೋ ಕಡೆ ಆರೂವರೆಯ ನಂತರ ಬಿಡುತ್ತಾರೆ, ನೀವು ಐದಕ್ಕೇ ಹೊರಡಬೇಕು. ಕರೆಂಟು ಹೋದರೆ ಜನರೇಟರ್ ಫ್ಯಾನಿಗೂ ಇದೆಯೇ, ಬರೀ ದೀಪಕ್ಕೋ? ಪಕ್ಕದಲ್ಲಿ ಕಲ್ಯಾಣ ಮಂಟಪ ಇದ್ದರೆ ಆ ದಿನ ಮದುವೆ ಇದೆಯೇ? ಶಿರಾದಲ್ಲಿ ಹೆದ್ದಾರಿಯ ಕಡೆಗಿನ ರೂಮು ಬೇಡ, ಹಿಂಬದಿಯದ್ದು ಕೇಳಿ. ರಾತ್ರಿಯಿಡೀ ಲಾರಿಗಳ ಸದ್ದು ನಿಲ್ಲುವುದಿಲ್ಲ. ವಯಸ್ಸಾದವರಿದ್ದರೆ ನೆಲಮಹಡಿ ಕೇಳಿ, ಕಮೋಡ್ ಇದೆಯೇ ವಿಚಾರಿಸಿ.

ಚೆಕ್‌ಔಟ್ 24 ಗಂಟೆಯ ಲೆಕ್ಕವೋ, ಮಧ್ಯಾಹ್ನ ಹನ್ನೆರಡರ ಲೆಕ್ಕವೋ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಿ. ಸಂಜೆ ನಾಲ್ಕಕ್ಕೆ ರೂಮು ಹಿಡಿದವರಿಗೆ 24 ಗಂಟೆಯ ಲೆಕ್ಕ ಇದ್ದರೆ, ಬೆಟ್ಟ ಇಳಿದು ಬಂದು ಸ್ನಾನ ಮಾಡಿ ಒಂದು ನಿದ್ದೆ ತೆಗೆಯಲೂ ಸಮಯ ಸಿಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ 5, ಅದಕ್ಕಿಂತ ದುಬಾರಿ ರೂಮಿಗೆ ಶೇ 18. ಹೇಳಿದ ಬಾಡಿಗೆ ತೆರಿಗೆ ಸೇರಿಯೋ ಬಿಟ್ಟೋ ಎಂದು ಕೇಳಿ, ಬಿಲ್ ಪಡೆಯಿರಿ. ಮನೆಯ ಎಲ್ಲರ ಗುರುತಿನ ಚೀಟಿಗಳೂ ಜೊತೆಗಿರಲಿ.

ಇಲ್ಲಿ ಒಂದು ಮಾತು ಹೇಳಲೇಬೇಕು. ಗ್ರೀಸಿನಲ್ಲಿ ಮೆಟಿಯೋರಾದ ಕಲ್ಲುಕಂಬಗಳ ಮೇಲಿನ ಮಠಗಳನ್ನು ನೋಡಲು ಜನ ಕೆಳಗಿನ ಕಲಂಬಾಕಾ ಊರಿನಲ್ಲಿ ರಾತ್ರಿ ಉಳಿದು ಬೆಳಗ್ಗೆ ಮೇಲೆ ಹೋಗುತ್ತಾರೆ. ಮೊನೆಮ್ವಾಸಿಯಾದಲ್ಲಿ ಹೆಬ್ಬಂಡೆಯ ಬುಡದ ಕೋಟೆಯೊಳಗಿನ ಹಳೆಯ ಕಲ್ಲುಮನೆಗಳೇ ಹೋಟೆಲುಗಳಾಗಿವೆ. 1970ರ ದಶಕದಲ್ಲಿ ಗ್ರೀಸಿನ ಸರಕಾರಿ ಪ್ರವಾಸೋದ್ಯಮ ಸಂಸ್ಥೆ ಸಾಂತೊರಿನಿಯ ಓಯಾ ಮುಂತಾದ ಊರುಗಳಲ್ಲಿ ಪಾಳುಬಿದ್ದ ಮನೆಗಳನ್ನು ದುರಸ್ತಿ ಮಾಡಿ ಅತಿಥಿಗೃಹ ಮಾಡಿತು. ಇಂದು ನಮ್ಮವರು ಮಧುಚಂದ್ರಕ್ಕೆ ಸಾಲ ಮಾಡಿಯಾದರೂ ಹೋಗುವ ಓಯಾ ಅದೇ. ಮಧುಗಿರಿಯ ಬಂಡೆಗೆ, ಅದರ ಬುಡದ ಹಳೆಯ ಬೀದಿಗಳಿಗೆ ಆ ಯೋಗ್ಯತೆ ಖಂಡಿತ ಇದೆ. ಕಂಬಸಾಲೆಯ ಒಂದೆರಡು ತೊಟ್ಟಿಮನೆಗಳನ್ನಾದರೂ ಮನೆಯವರೇ ಹೋಮ್‌ಸ್ಟೇ ಮಾಡಲು ಮುಂದೆ ಬರಬೇಕು, ಸರಕಾರ ಅವರಿಗೆ ಆಸರೆಯಾಗಬೇಕು.

ಎರಡನೇ ದಿನ: ಹುಣಸೆಮರದ ಹಕ್ಕಿ, ಗುಡ್ಡೆಯ ಗಣೆ

ಬೆಳಗ್ಗೆ ಆರಕ್ಕೆ ಕಗ್ಗಲಡುವಿನಲ್ಲಿರಿ. ಶಿರಾದಿಂದ ಹೆಚ್ಚು ದೂರವಿಲ್ಲ. ಬಣ್ಣದ ಕೊಕ್ಕರೆಗಳು ಕೆರೆಯಂಗಳ ಬಿಟ್ಟು ಊರೊಳಗಿನ ಹುಣಸೆಮರಗಳಲ್ಲಿ, ಮನೆಗಳ ನೆತ್ತಿಯ ಮೇಲೆಯೇ ಗೂಡು ಕಟ್ಟುತ್ತವೆ. ಬೂದು ಬಕಗಳೂ ಇರುತ್ತವೆ. ಚಳಿ ಇಳಿಯುವ ಹೊತ್ತಿಗೆ ಬಂದು, ಮರಿ ಬೆಳೆಸಿ, ಮಳೆಗಾಲದಲ್ಲಿ ಹೊರಡುತ್ತವೆ. ಹಾಗಾಗಿ ಫೆಬ್ರುವರಿಯಿಂದ ಜೂನ್ ಒಳಗೆ ಬಂದರೆ ಒಳ್ಳೆಯದು.

ಒಂದು ಮರ ಆರಿಸಿಕೊಂಡು ಅರ್ಧ ಗಂಟೆ ಅದರಡಿಯಲ್ಲೇ ನಿಲ್ಲಿ. ದೊಡ್ಡ ಹಕ್ಕಿಯ ಹಳದಿ ಕೊಕ್ಕು, ಕೂದಲಿಲ್ಲದ ಕಿತ್ತಳೆ ಬಣ್ಣದ ಮುಖ, ಎದೆಗೆ ಅಡ್ಡಲಾಗಿ ಕಪ್ಪು ಪಟ್ಟಿ, ಬೆನ್ನ ಕೊನೆಯಲ್ಲಿ ನಸುಗೆಂಪು ಗರಿ. ದೊಡ್ಡವು ಕೂಗುವುದಿಲ್ಲ, ಕೊಕ್ಕು ಕಟಕಟಿಸುತ್ತವೆ. ಗದ್ದಲವೆಲ್ಲ ಮರಿಗಳದ್ದು. ತಾಯಿ ಬಂದು ಗೂಡಿನೊಳಗೆ ಮೀನು ಕಾರಿದಾಗ ಮೂರು ಕತ್ತುಗಳು ಒಟ್ಟಿಗೇ ಮುಗಿಬೀಳುತ್ತವೆ. ನೆಲಕ್ಕೆ ಸುಣ್ಣ ಬಳಿದಂತೆ ಹಿಕ್ಕೆ, ಗಾಳಿಯಲ್ಲಿ ಮೀನಿನ ನಾತ. ಇದನ್ನೆಲ್ಲ ಸಹಿಸಿಕೊಂಡು, ಹಕ್ಕಿ ಗೂಡು ಕಟ್ಟಿದ ಮರದ ಹುಣಸೆಹಣ್ಣನ್ನೂ ಬಿಟ್ಟುಕೊಟ್ಟು ಅವುಗಳನ್ನು ಕಾಯುತ್ತಿರುವವರು ಊರಿನ ಜನ. ಅವರ ಬಗ್ಗೆ ನನಗಿರುವ ಗೌರವ ಅಷ್ಟಿಷ್ಟಲ್ಲ. ಹಾರ್ನ್ ಹೊಡೆಯಬೇಡಿ, ಡ್ರೋನ್ ಹಾರಿಸಬೇಡಿ, ಕಲ್ಲೆಸೆದು ಹಾರಿಸಿ ಫೋಟೊ ತೆಗೆಯುವ ಯೋಚನೆಯನ್ನೂ ಮಾಡಬೇಡಿ.

ತಿಂಡಿಗೆ ಶಿರಾಕ್ಕೆ ಮರಳಿ, ಅಲ್ಲಿಂದ ಪಟ್ಟನಾಯಕನಹಳ್ಳಿಗೆ ಬನ್ನಿ. ಇಲ್ಲಿನ ಗುರುಗುಂಡ ಬ್ರಹ್ಮೇಶ್ವರಸ್ವಾಮಿ ಮಠ ಸುತ್ತಲ ಸೀಮೆಯ ಭಕ್ತರು ನಡೆದುಕೊಳ್ಳುವ ಗುರುಪೀಠ. ಇದೇ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆ ಕಾಡುಗೊಲ್ಲರಿಗೆ ಪವಿತ್ರ ಸ್ಥಳ. ದನ ಕಾಯ್ದು ಬಾಳಿದ ವೀರ ಜುಂಜಪ್ಪನ ಕಥೆಯನ್ನು ರಾತ್ರಿಗಟ್ಟಲೆ ಹಾಡುವ ಸಂಪ್ರದಾಯ ಇನ್ನೂ ಉಳಿದಿದೆ. ಹಾಡಿನ ಜೊತೆಗೆ ಊದುವ ಗಣೆ ಉದ್ದನೆಯ ಬಿದಿರಿನ ಕೊಳಲು. ಅದರ ದನಿ ಮಾಮೂಲಿ ಕೊಳಲಿನಂತೆ ತೆಳುವಲ್ಲ, ಉಸಿರೂ ಸ್ವರವೂ ಬೆರೆತು ಬರುತ್ತದೆ. ದುಡ್ಡು ಕೊಟ್ಟು ಟಿಕೆಟ್ ಪಡೆದು ಕೇಳುವ ಕಾರ್ಯಕ್ರಮ ಅದಲ್ಲ. ಹಬ್ಬ, ಪರಿಷೆ, ಹರಕೆಯ ದಿನಗಳಲ್ಲಿ ನಡೆಯುತ್ತದೆ. ಮೊದಲೇ ಸ್ಥಳೀಯರನ್ನು ವಿಚಾರಿಸಿ ಬಂದರೆ ಕೇಳುವ ಭಾಗ್ಯ ಸಿಕ್ಕೀತು. ಗುಡ್ಡೆಗೂ ಗೊಲ್ಲರಹಟ್ಟಿಗಳಿಗೂ ಚಪ್ಪಲಿ ಬಿಟ್ಟು, ಕೇಳಿಕೊಂಡು ಹೋಗಿ. ಅವರ ದೇವರ ಕಟ್ಟಳೆಗಳು ಬಿಗಿಯಾಗಿವೆ.

ಮಧ್ಯಾಹ್ನದ ಊಟಕ್ಕೆ ಮುದ್ದೆ, ಕಾಳುಸಾರು ಸಿಗುವ ಕಡೆ ನಿಲ್ಲಿಸಿ. ಕಡಲೆಕಾಯಿ ಕೊಳ್ಳಬೇಕೆಂದರೆ ಶಿರಾ ಅಥವಾ ಪಾವಗಡದಲ್ಲಿ ಕೊಳ್ಳಿ, ಎರಡೂ ಕಡಲೆಕಾಯಿ ನೆಲವೇ. ಸಂಜೆಯ ಹೊತ್ತಿಗೆ ಮಧುಗಿರಿ ಸೇರಿ, ಪೇಟೆಯ ವೆಂಕಟರಮಣ, ಮಲ್ಲೇಶ್ವರ ದೇವಸ್ಥಾನಗಳನ್ನೂ ದಂಡಿನ ಮಾರಮ್ಮನ ಗುಡಿಯನ್ನೂ ನೋಡಿ ಬೇಗ ಮಲಗಿ.

ಮೂರನೇ ದಿನ: ಮಧುಗಿರಿ ಬೆಟ್ಟ

ಏಷ್ಯಾದ ಎರಡನೇ ಅತಿ ದೊಡ್ಡ ಏಕಶಿಲಾ ಬೆಟ್ಟ ಎಂದು ಹೆಸರಾದ ಇದರ ಎತ್ತರ ಸಮುದ್ರಮಟ್ಟದಿಂದ ಸುಮಾರು 1,190 ಮೀಟರ್. ಬೆಳಕು ಹರಿಯುತ್ತಿದ್ದಂತೆ ಹತ್ತಲು ಶುರು ಮಾಡಿ. ಮೊದಲ ಬಾಗಿಲುಗಳವರೆಗೆ ಮೆಟ್ಟಿಲುಗಳಿವೆ, ಯಾರಾದರೂ ಹತ್ತಬಹುದು. ಮೇಲೇರಿದಂತೆ ಬೋಳು ಬಂಡೆಯಲ್ಲಿ ಕೊರೆದ ಕಿರುಮೆಟ್ಟಿಲು, ಕಡಿದಾದ ಕಡೆ ಹಿಡಿದುಕೊಳ್ಳಲು ಕಂಬಿ. ತುದಿ ಮುಟ್ಟಿ ಇಳಿಯಲು ನಾಲ್ಕೈದು ಗಂಟೆ ಬೇಕು. ಒಬ್ಬೊಬ್ಬರಿಗೆ ಎರಡು ಲೀಟರ್ ನೀರು, ಹಿಡಿತವಿರುವ ಶೂ, ಟೋಪಿ ಕಡ್ಡಾಯ. ಮೇಲೆ ನೆರಳೂ ಇಲ್ಲ, ಅಂಗಡಿಯೂ ಇಲ್ಲ. ಮಳೆ ಬಿದ್ದ ಬಂಡೆಗೆ ಕಾಲಿಡಬೇಡಿ. ಹತ್ತುವಾಗ ಜಾರದ ಕಲ್ಲು ಇಳಿಯುವಾಗ ಜಾರುತ್ತದೆ. ತಲೆಸುತ್ತು ಬರುವವರು ಮಧ್ಯದ ಬುರುಜಿನಲ್ಲಿ ಕೂತು ಸುತ್ತಲ ಕೆರೆಗಳನ್ನು ನೋಡಿದರೂ ನಷ್ಟವೇನಿಲ್ಲ.

ಸ್ಥಳೀಯ ಪಾಳೆಯಗಾರರು ಕಟ್ಟಿದ ಈ ಕೋಟೆಯನ್ನು 1678ರಲ್ಲಿ ಚಿಕ್ಕದೇವರಾಜ ಒಡೆಯರು ಗೆದ್ದರು, ಹೈದರ್ ಅಲಿ ಬಲಪಡಿಸಿದ. 1763ರಲ್ಲಿ ಬಿದನೂರು ಗೆದ್ದ ಹೈದರ್, ಕೆಳದಿಯ ರಾಣಿ ವೀರಮ್ಮಾಜಿಯನ್ನೂ ಆಕೆಯ ದತ್ತುಮಗನನ್ನೂ ಸೆರೆಯಲ್ಲಿಟ್ಟದ್ದು ಇಲ್ಲಿಯೇ. 1767ರಲ್ಲಿ ಮರಾಠರು ಬಂದು ಬಿಡಿಸಿದರು. ಮಲೆನಾಡಿನ ಮಳೆ, ಅಡಿಕೆತೋಟ ಕಂಡವಳು ಈ ಬಯಲುಸೀಮೆಯ ಬಂಡೆಯ ಮೇಲೆ ವರ್ಷಗಳನ್ನು ಕಳೆದಳು. ತುದಿಯ ಪಾಳುಬಿದ್ದ ಗೋಪಾಲಕೃಷ್ಣ ದೇಗುಲದ ಬಳಿ ನಿಂತಾಗ ನನಗೆ ಸದಾ ನೆನಪಾಗುವವಳು ಆಕೆಯೇ.

ಬಿಸಿಲೇರುವ ಮೊದಲು ಇಳಿದು, ಸ್ನಾನ ಮಾಡಿ, ಮುಂದಿನ ದಾರಿ ಆರಿಸಿಕೊಳ್ಳಿ. ಒಂದು ದಾರಿ ಕೊರಟಗೆರೆಗೆ. ಅಲ್ಲಿ ಗೊರವನಹಳ್ಳಿ, ಪಕ್ಕದ ತೀತಾ ಜಲಾಶಯ, ಗಿಡಮೂಲಿಕೆಗಳಿಗೆ ಹೆಸರಾದ ಸಿದ್ಧರಬೆಟ್ಟ ಇವೆ. ಒಂದೇ ದಿನ ಎರಡು ಬೆಟ್ಟ ಬೇಡವೆನಿಸಿದರೆ ಸಿದ್ಧರಬೆಟ್ಟ ಬಿಡಿ. ಆ ರಾತ್ರಿ ತುಮಕೂರಿನ ಹೋಟೆಲಿನಲ್ಲಿ, ಇಲ್ಲವೇ ದೇವರಾಯನದುರ್ಗದಲ್ಲಿ ಪ್ರವಾಸೋದ್ಯಮ ನಿಗಮದ ಮಯೂರ ಮೇಘದೂತದಲ್ಲಿ ಉಳಿಯಬಹುದು. ಕಾಡಿನ ನಡುವೆ ತಂಪಾಗಿ ನಿದ್ದೆ ಬರುತ್ತದೆ, ಬೆಳಗ್ಗೆ ಯೋಗಾನರಸಿಂಹನ ದರ್ಶನ, ನಾಮದ ಚಿಲುಮೆ, ಹೆದ್ದಾರಿ ಸೇರುವಾಗ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ.

ಇನ್ನೊಂದು ದಾರಿ ಪಾವಗಡಕ್ಕೆ, ಅದಕ್ಕೆ ಪ್ರತ್ಯೇಕ ದಿನವೇ ಬೇಕು. ದಾರಿಯಲ್ಲಿ ಮಿಡಿಗೇಶಿಯ ಕೋಟೆಬೆಟ್ಟ ಸಿಗುತ್ತದೆ. ಶನಿವಾರ, ಅದರಲ್ಲೂ ಶ್ರಾವಣ ಶನಿವಾರ ಪಾವಗಡದಲ್ಲಿ ಕಾಲಿಡಲು ಜಾಗವಿರುವುದಿಲ್ಲ, ರೂಮೂ ಸಿಗುವುದಿಲ್ಲ. ಹರಕೆ ಇಲ್ಲದವರು ವಾರದ ನಡುವೆ ಹೋಗಿ. ಪೆನ್ನಾರ್ ದಡದ ನಾಗಲಮಡಿಕೆ ಸುಬ್ರಹ್ಮಣ್ಯ, ಚೋಳ ಮನೆತನವೊಂದು ಆಳಿದ ನಿಡಗಲ್ಲು ದುರ್ಗ, ತಿರುಮಣಿ ಸುತ್ತಲ ಐದು ಹಳ್ಳಿಗಳ 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವಾಟ್ ಸೌರ ಪಾರ್ಕ್ ಎಲ್ಲವೂ ಈ ತಾಲ್ಲೂಕಿನಲ್ಲಿಯೇ ಇವೆ. ಸೌರ ಫಲಕಗಳ ಬೇಲಿಯೊಳಗೆ ಅನುಮತಿಯಿಲ್ಲದೆ ಬಿಡುವುದಿಲ್ಲ, ರಸ್ತೆಯಿಂದಲೇ ನೋಡಿ. ನಿಡಗಲ್ಲಿಗೆ ಊರಿನವರೊಬ್ಬರನ್ನು ಜೊತೆಗೆ ಕರೆದುಕೊಂಡು, ಕತ್ತಲಾಗುವ ಮೊದಲು ಇಳಿಯುವಂತೆ ಹೊರಡಿ.